ಒಂದು ನದಿ, ಎರಡು ಅಡುಗೆಮನೆ

ಅಕ್ಟೋಬರ್ ಬಂತೆಂದರೆ ನಾಸಿಕ್‌ನ ಮರಾಠಿ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮುಖಪುಟದಲ್ಲಿ, ಚೆನ್ನಾಗಿ ಸುರಿದ ವರ್ಷ ಒಳಪುಟದ ಮೂಲೆಯಲ್ಲಿ. ಜಾಯಕವಾಡಿಗೆ ನೀರು ಬಿಡಬೇಕೇ, ಬೇಡವೇ? ಅದೇ ಪತ್ರಿಕೆಯ ಛತ್ರಪತಿ ಸಂಭಾಜಿನಗರದ ಆವೃತ್ತಿಯನ್ನು ಮಗಳು ಫೋನಿನಲ್ಲಿ ಓದಿ ಹೇಳುತ್ತಾಳೆ. ಇಲ್ಲಿ ‘ನಮ್ಮ ನೀರು ಒಯ್ದರು’ ಎಂಬ ಧಾಟಿ, ಅಲ್ಲಿ ‘ನಮ್ಮ ಹಕ್ಕಿನ ನೀರು ತಡೆದರು’ ಎಂಬ ಧಾಟಿ. ಪತ್ರಿಕೆಯ ಹೆಸರು ಒಂದೇ, ಮಾಲೀಕರೂ ಒಬ್ಬರೇ. ನದಿ ಅಷ್ಟು ದೂರ ಹರಿದು ಹೋಗುವಷ್ಟರಲ್ಲಿ ವಾಕ್ಯದ ಕರ್ತೃ, ಕರ್ಮಗಳು ಜಾಗ ಬದಲಿಸಿಕೊಂಡಿರುತ್ತವೆ. ಮಗಳನ್ನು ಕೆಳದಂಡೆಗೆ ಕೊಟ್ಟು ಮೇಲ್ದಂಡೆಯಲ್ಲಿ ಕುಳಿತಿರುವ ನನ್ನಂಥವಳಿಗೆ ಈ ಸುದ್ದಿಯನ್ನು ಒಂದೇ ಕಣ್ಣಿನಿಂದ ಓದುವ ಸೌಲಭ್ಯವಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿ ನಾಸಿಕ್ ನಗರವನ್ನು ಹಾದು, ನಾಂದೂರ್ ಮಧಮೇಶ್ವರದ ಒಡ್ಡು ದಾಟಿ, ಪೂರ್ವಕ್ಕೆ ಸಾಗಿ ಪೈಠಣ ಸೇರುತ್ತಾಳೆ. ಅಲ್ಲಿ ಜಾಯಕವಾಡಿ ಅಣೆಕಟ್ಟು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಹಿನ್ನೀರಿಗೆ ಪೈಠಣದ ಸಂತ ಏಕನಾಥರ ಹೆಸರು, ನಾಥಸಾಗರ. ಸಂಭಾಜಿನಗರದ ನಲ್ಲಿಗೂ ಮರಾಠವಾಡದ ಹೊಲಕ್ಕೂ ಅದೇ ಆಧಾರ. ಆದರೆ ಮೇಲೆ ನಮ್ಮ ಗಂಗಾಪುರ, ದಾರಣಾ, ಪಕ್ಕದ ಅಹಿಲ್ಯಾನಗರ ಜಿಲ್ಲೆಯ ಭಂಡಾರದರಾ, ಮುಳಾ ಹೀಗೆ ಸಾಲು ಅಣೆಕಟ್ಟುಗಳಿವೆ. ಮಳೆ ಕಡಿಮೆಯಾದರೆ ಇವು ತುಂಬುವಷ್ಟರಲ್ಲಿ ಕೆಳಗಿನದಕ್ಕೆ ಉಳಿಯುವುದು ಅಲ್ಪ. ಆದ್ದರಿಂದ 2014ರಲ್ಲಿ ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಒಂದು ನಿಯಮ ಮಾಡಿತು. ಅಕ್ಟೋಬರ್ 15ರಂದು ಲೆಕ್ಕ ಹಾಕಬೇಕು, ಜಾಯಕವಾಡಿಯಲ್ಲಿ ಶೇ 65ಕ್ಕಿಂತ ಕಡಿಮೆ ನೀರಿದ್ದರೆ ಮೇಲಿನವರು ಬಿಡಬೇಕು. ನಾಸಿಕ್ ಕಡೆಯವರು ಕೋರ್ಟಿಗೆ ಹೋದರು. 2016ರಲ್ಲಿ ಮುಂಬಯಿ ಹೈಕೋರ್ಟು ನಿಯಮವನ್ನು ಎತ್ತಿಹಿಡಿಯಿತು. 2023ರ ಬರದಲ್ಲಿ 8.6 ಟಿಎಂಸಿ ಬಿಡಲು ಆದೇಶವಾದಾಗ ಇಲ್ಲಿ ರಸ್ತೆ ತಡೆ, ಅಲ್ಲಿಯೂ ರಸ್ತೆ ತಡೆ! ನೀರು ಬಿಡುವುದೆಂದರೆ ಗೇಟು ಎತ್ತಿದರೆ ಮುಗಿಯಿತು ಎಂದುಕೊಳ್ಳಬೇಡಿ. ದಾರಿಯ ಬಾಂದಾರಗಳ ಹಲಗೆ ತೆಗೆಯಬೇಕು, ದಂಡೆಯ ಪಂಪ್‌ಸೆಟ್‌ಗಳ ಕರೆಂಟು ಕಡಿಯಬೇಕು, ಪೊಲೀಸರು ನದಿಯನ್ನು ಕಾಯಬೇಕು. ಇಷ್ಟಾದರೂ ಒಣಗಿದ ಪಾತ್ರ ತನ್ನ ಪಾಲನ್ನು ಕುಡಿದೇ ಮುಂದಕ್ಕೆ ಬಿಡುವುದು.

ನಾವು ಮಂಡ್ಯ ಸೀಮೆಯವರು. ಯಜಮಾನರಿಗೆ ಎಚ್‌ಎಎಲ್‌ನಲ್ಲಿ ಕೆಲಸ, ಬೆಂಗಳೂರಿನಿಂದ ನಾಸಿಕ್ ಪಕ್ಕದ ಓಝರ್ ಕಾರ್ಖಾನೆಗೆ ವರ್ಗವಾಗಿ ಬಂದವರು ಇಲ್ಲೇ ಉಳಿದೆವು. ಕಾವೇರಿ ಮಾತಿನಲ್ಲಿ ಬೆಳೆದವಳಿಗೆ ಗೋದಾವರಿಯ ಜಗಳ ಹೊಸದೆನಿಸಲಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಗಲಾಟೆ ನಡೆದಾಗ ಟೌನ್‌ಶಿಪ್‌ನಲ್ಲಿ ನಮ್ಮ ಎದುರು ಮನೆಯವರು ತಮಿಳರು. ಆ ಹದಿನೈದು ದಿನ ಎರಡು ಮನೆಗಳೂ ನೀರಿನ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದವು, ಕಾಫಿಪುಡಿಯ ಸಾಲಕ್ಕೇನೂ ಅಡ್ಡಿಯಾಗಲಿಲ್ಲ. ಕರ್ನಾಟಕದ ವಿಚಿತ್ರ ನೋಡಿ, ಕಾವೇರಿಯಲ್ಲಿ ನಾವು ಮೇಲಿನವರು, ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕಿಂತ ಕೆಳಗಿನವರು. ಬೇಸಿಗೆಯಲ್ಲಿ ಬೆಳಗಾವಿ, ವಿಜಯಪುರದ ಕಡೆ ಕೃಷ್ಣಾ, ಭೀಮಾ ಬತ್ತಿದರೆ ಕೊಯ್ನಾದಿಂದ, ಉಜನಿಯಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳುವವರು ನಾವೇ. ಕೊಡುವಾಗಿನ ವಾದ ಒಂದು, ಕೇಳುವಾಗಿನ ವಾದ ಇನ್ನೊಂದು, ಎರಡನ್ನೂ ಬಾಯಿಪಾಠ ಮಾಡಿಕೊಂಡ ನಾಡು ನಮ್ಮದು.

ಮಗಳ ಊರಿನಲ್ಲಿ ನೀರೆಂದರೆ ಪಂಚಾಂಗದ ವಿಷಯ. ಅನೇಕ ಬಡಾವಣೆಗಳಿಗೆ ನಲ್ಲಿಯಲ್ಲಿ ನೀರು ಬರುವುದು ಹಲವು ದಿನಕ್ಕೊಮ್ಮೆ. ಜಾಯಕವಾಡಿಯಿಂದ ಭಾರೀ ವ್ಯಾಸದ ಹೊಸ ಕೊಳವೆ ಎಳೆಯುವ 2,740 ಕೋಟಿ ರೂಪಾಯಿಯ ಯೋಜನೆ ವರ್ಷಗಳಿಂದ ನಡೆಯುತ್ತಿದೆ. ಅಷ್ಟರವರೆಗೆ ಡ್ರಮ್ಮು, ಸಂಪು, ಟ್ಯಾಂಕರು. ನಾನು ಹೋದರೆ ಮೊದಲು ಕಣ್ಣಿಗೆ ಬೀಳುವುದು ಅಡುಗೆಮನೆಯ ಪಾತ್ರೆಗಳ ಶಿಸ್ತು: ಕುಡಿಯುವುದು ಒಂದು ಕಡೆ, ಬೇಯಿಸುವುದು ಒಂದು ಕಡೆ, ಅಕ್ಕಿ ತೊಳೆದದ್ದು ಕರಿಬೇವಿನ ಗಿಡಕ್ಕೆ, ಬಟ್ಟೆ ಜಾಲಿಸಿದ್ದು ಅಂಗಳಕ್ಕೆ. ನಾನು ಕಲಿಸಿದ ಯಾವ ಪಾಠವೂ ಅಲ್ಲಿಲ್ಲ. ಇದನ್ನು ಊರು ಕಲಿಸಿತು, ಬೀಗಿತ್ತಿಯವರು ಕಲಿಸಿದರು. ನಾಲ್ಕುನೂರು ವರ್ಷಗಳ ಹಿಂದೆ ಈ ಊರನ್ನು ಖಡ್ಕಿ ಎಂಬ ಹೆಸರಿನಲ್ಲಿ ಕಟ್ಟಿದ ಮಲಿಕ್ ಅಂಬರನೂ ಅರಮನೆಗಳ ಜೊತೆಗೆ ಚಿಂತಿಸಿದ್ದು ನೀರನ್ನೇ. ಗುಡ್ಡದ ಬುಡದ ಜಲವನ್ನು ನೆಲದೊಳಗಿನ ಕಾಲುವೆಗಳಲ್ಲಿ ಊರಿಗೆ ತಂದ, ಅದೇ ನಹರ್-ಎ-ಅಂಬರಿ. ಪನ್‌ಚಕ್ಕಿಯಲ್ಲಿ ಇವತ್ತಿಗೂ ಪ್ರವಾಸಿಗರು ನಿಂತು ನೋಡುವುದು ದೂರದ ಬುಗ್ಗೆಯಿಂದ ಬಂದು ಬೀಸುಕಲ್ಲು ತಿರುಗಿಸಿದ ನೀರಿನ ಕಥೆಯನ್ನು. ಊರಿನ ಹೆಸರು ಎಷ್ಟು ಸಲ ಬದಲಾದರೂ ಈ ಚಿಂತೆಯೊಂದು ಬದಲಾಗಿಲ್ಲ.

ತವರಿನ ಬಚ್ಚಲುಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ಬೆಳಗಿನ ಜಾವ ಒಲೆ ಹಚ್ಚಿದರೆ ಮೊದಲು ತಾತ, ಆಮೇಲೆ ಗದ್ದೆಗೆ ಹೋಗುವವರು, ಆಮೇಲೆ ಶಾಲೆಗೆ ಹೋಗುವ ನಾವು. ಕೊನೆಯಲ್ಲಿ ಸೊಸೆಯಂದಿರು. ತಾವಾಗಿ ಎಷ್ಟು ಉಳಿಸಬೇಕೆಂದು ಯಾರೂ ಯೋಚಿಸುತ್ತಿರಲಿಲ್ಲ. ಮೊದಲಿನವನು ಧಾರಾಳವಾಗಿ ಸುರಿದುಕೊಂಡು ಮಂತ್ರ ಹೇಳುತ್ತ ಹೊರಬರುತ್ತಿದ್ದ. ಅಜ್ಜಿ ಮಾತ್ರ ನಡುವೆ ಒಮ್ಮೆ ಹೋಗಿ ಮುಚ್ಚಳ ಎತ್ತಿ ನೋಡಿ, ‘ಇನ್ನು ಎರಡೇ ತಂಬಿಗೆ, ಎದ್ದು ಬಾ’ ಎಂದು ಕೂಗುತ್ತಿದ್ದಳು. ಆ ಅಕ್ಟೋಬರ್ 15ರ ನಿಯಮವನ್ನು ಓದಿದಾಗ ನನಗೆ ಕಂಡದ್ದು ಅಜ್ಜಿಯ ಆ ಮುಚ್ಚಳವೇ. ಮೊದಲು ಮೀಯುವವನು ಕೆಟ್ಟವನೇನೂ ಆಗಿರಬೇಕಿಲ್ಲ. ಹಂಡೆಯ ತಳ ಅವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ನೋಡುವುದಕ್ಕೆ ಯಾರಾದರೂ ಒಬ್ಬರನ್ನು ನೇಮಿಸಬೇಕಾಗುತ್ತದೆ.

ಗೋದಾವರಿಯ ದಡದಲ್ಲೇ ಹುಟ್ಟಿದ ಇನ್ನೊಬ್ಬ ತಾಯಿ ನೆನಪಾಗುತ್ತಾರೆ. ನಾಸಿಕ್ ಪಕ್ಕದ ಜಲಾಲಪುರದ ಲಕ್ಷ್ಮೀಬಾಯಿ ಟಿಳಕ್. ಕವಿ ನಾರಾಯಣ ವಾಮನ ಟಿಳಕರ ಪತ್ನಿ. ಗಂಡ 1895ರಲ್ಲಿ ಕ್ರೈಸ್ತರಾದಾಗ ಐದು ವರ್ಷ ಕುದಿದು, ಕೊನೆಗೆ ತಾವಾಗಿಯೇ ಆ ದಾರಿ ಆರಿಸಿಕೊಂಡವರು. ಮಗನ ಒತ್ತಾಸೆಯಿಂದ ವೃದ್ಧಾಪ್ಯದಲ್ಲಿ ‘ಸ್ಮೃತಿಚಿತ್ರೆ’ ಬರೆದರು. 1934ರಿಂದ ಅದರ ಭಾಗಗಳು ಹೊರಬಂದವು, 1936ರಲ್ಲಿ ಅವರು ತೀರಿಕೊಂಡ ಮೇಲೆ ಕೊನೆಯದೂ ಬಂತು. ಮರಾಠಿಯ ಶ್ರೇಷ್ಠ ಆತ್ಮಕಥೆಗಳಲ್ಲಿ ಒಂದು, ಮನೆವಾರ್ತೆಯೇ ಅದರ ತಿರುಳು. ಅವರ ತಂದೆಗೆ ಮಡಿಯ ಹುಚ್ಚು. ಹೊರಗಿನಿಂದ ಬಂದ ಪದಾರ್ಥವನ್ನೆಲ್ಲ ತೊಳೆದು ಒಳಗಿಡಬೇಕು, ಮುಟ್ಟಿದ್ದಕ್ಕೆ ಮತ್ತೆ ಸ್ನಾನ. ಮಡಿಯ ಪುಣ್ಯ ಒಬ್ಬರಿಗೆ, ನೀರಿನ ದುಡಿಮೆ ಹೆಂಗಸರಿಗೆ! ಬೈಗುಳವಿಲ್ಲದೆ, ನಗುನಗುತ್ತಲೇ ಆ ತಾಯಿ ಅದನ್ನು ಬರೆದಿಟ್ಟಿದ್ದಾರೆ. ಧರ್ಮದ ಎಷ್ಟೋ ಸೂಕ್ಷ್ಮಗಳು ಕೊಡ ಹೊರುವವರ ಸೊಂಟದ ಮೇಲೆ ನಿಂತಿವೆ ಎಂಬುದನ್ನು ಅದನ್ನು ಓದಿದ ಯಾವ ಗೃಹಿಣಿಗೂ ವಿವರಿಸಿ ಹೇಳಬೇಕಿಲ್ಲ.

ಕೆಳದಂಡೆಯ ಪೈಠಣದಲ್ಲಿ ಇದಕ್ಕೆ ಉತ್ತರವೆಂಬಂತೆ ಏಕನಾಥರಿದ್ದಾರೆ. ಕಾಶಿಯಿಂದ ಕಾವಡಿಯಲ್ಲಿ ಗಂಗೆಯನ್ನು ಹೊತ್ತು ರಾಮೇಶ್ವರದ ಅಭಿಷೇಕಕ್ಕೆ ಹೊರಟವರು ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಗೆ ಆ ನೀರು ಕುಡಿಸಿದ ಕಥೆ ನಮ್ಮಲ್ಲೂ ಎಲ್ಲರಿಗೂ ಗೊತ್ತು. ಅವರ ಮನೆಯಲ್ಲಿ ಸಾಕ್ಷಾತ್ ಕೃಷ್ಣನೇ ಶ್ರೀಖಂಡ್ಯಾ ಎಂಬ ಆಳಾಗಿ ಹನ್ನೆರಡು ವರ್ಷ ನೀರು ಹೊತ್ತನಂತೆ. ಏಕನಾಥರ ಸ್ಮರಣೆಯ ನಾಥಷಷ್ಠಿಯ ಹೊತ್ತಿಗೆ ಭಕ್ತರು ಆ ಮನೆಯ ದೊಡ್ಡ ರಾಂಜಣಕ್ಕೆ (ನೀರಿನ ಗುಡಾಣಕ್ಕೆ) ಇಂದಿಗೂ ಕೊಡಕೊಡವಾಗಿ ನೀರು ತುಂಬುತ್ತಾರೆ. ನಮ್ಮ ಪುರಾಣಗಳಲ್ಲಿ ದೇವರು ರಥ ಹೊಡೆದದ್ದುಂಟು, ಗಿರಿ ಎತ್ತಿದ್ದುಂಟು. ನನಗೇನೋ ಈ ನೀರು ಹೊತ್ತ ದೇವರ ಮೇಲೆ ಹೆಚ್ಚು ವಿಶ್ವಾಸ. ನಾಸಿಕ್‌ನಲ್ಲಿ ಈಗ 2027ರ ಸಿಂಹಸ್ಥ ಕುಂಭದ ಸಿದ್ಧತೆ ಜೋರಾಗಿದೆ. ರಾಮಕುಂಡದಲ್ಲಿ ಮೀಯಲು ಬರುವವರಿಗೆ ಯಾರಾದರೂ ಆ ಕತ್ತೆಯ ಕಥೆಯನ್ನೂ ಒಂದು ಫಲಕದಲ್ಲಿ ಬರೆಸಿದರೆ ಚೆನ್ನು.

ನೀರು ಅತಿಯಾದಾಗಿನ ಮಾತೇ ಬೇರೆ. ನಮ್ಮ ಗೋದಾಘಾಟಿನಲ್ಲಿ ದುತೊಂಡ್ಯಾ ಮಾರುತಿ ಇದ್ದಾನೆ, ಎರಡು ಮುಖದ ಹನುಮಂತ. ಮಳೆಗಾಲದಲ್ಲಿ ಊರಿನವರು ಪ್ರವಾಹ ಅಳೆಯುವುದು ಅವನ ಮೈಯಿಂದ: ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆ ಮುಟ್ಟಿತು. ಸೊಂಟಕ್ಕೆ ಬಂತೆಂದ ಕೂಡಲೇ ನಾನು ಮಗಳಿಗೆ ಫೋನು ಮಾಡುತ್ತೇನೆ, ‘ನಿನ್ನ ನೀರು ಹೊರಟಿದೆ ಕಣೇ.’ ಆದರೆ 2025ರ ಸೆಪ್ಟೆಂಬರಿನಲ್ಲಿ ಮರಾಠವಾಡಕ್ಕೆ ಬೇಡವೆನ್ನುವಷ್ಟು ಮಳೆ ಬಂತು. ಆ ತಿಂಗಳ ಕೊನೆಗೆ ನಾಥಸಾಗರದ ಗೇಟುಗಳಿಂದ ಲಕ್ಷಗಟ್ಟಲೆ ಕ್ಯೂಸೆಕ್ ಹೊರಬಿದ್ದು, ಪೈಠಣದ ತಗ್ಗಿನಲ್ಲಿದ್ದವರನ್ನು ಮನೆ ಬಿಡಿಸಬೇಕಾಯಿತು. ಸೋಯಾಬೀನ್, ಹತ್ತಿ ನಿಂತಲ್ಲೇ ಕೊಳೆತವು. ಇಡೀ ವರ್ಷ ‘ಬಿಡಿ, ಬಿಡಿ’ ಎನ್ನುವ ಊರು ಆ ವಾರ ‘ತಡೆಯಿರಿ’ ಎಂದಿತು. ಮಳೆ ಬಿದ್ದ ಹೊಲದ ಬದುವಿನಲ್ಲಿ ನಿಂತವನಿಗೆ ಅದರಲ್ಲಿ ತಪ್ಪೇನೂ ಕಾಣಲಾರದು.

ನಮ್ಮ ಕಟ್ಟಡದ ಹೆಂಗಸರ ಭಿಶಿಯಲ್ಲಿ (ಚೀಟಿಯ ಕೂಟದಲ್ಲಿ) ನಿಫಾಡ್ ಕಡೆಯ ಒಬ್ಬಾಕೆ ಇದ್ದಾರೆ. ಅವರ ಅಣ್ಣಂದಿರದು ದ್ರಾಕ್ಷಿ ತೋಟ. ನಮ್ಮಲ್ಲಿ ನೀರಿನ ವಾದ ಹತ್ತಿಕೊಂಡರೆ ಅತ್ತ ಬಿಯರು, ಇತ್ತ ವೈನು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸಂಭಾಜಿನಗರದ ಬಿಯರ್ ಕಾರ್ಖಾನೆಗಳಿಗೆ ನಮ್ಮ ನೀರು ಯಾಕೆ ಎಂದು ಇವರು, ನಿಮ್ಮ ದ್ರಾಕ್ಷಿಯೇನು ದೇವರ ನೈವೇದ್ಯಕ್ಕೆ ಬೆಳೆಯುವುದೇ ಎಂದು ನಾನು. 2016ರ ಬರದಲ್ಲಿ ಹೈಕೋರ್ಟು ಬಿಯರ್ ಕಾರ್ಖಾನೆಗಳ ನೀರನ್ನು ಶೇ 60ರಷ್ಟು ಕಡಿದದ್ದನ್ನೂ ನಾನೇ ನೆನಪಿಸಿದೆ. ಆಗ ಆಕೆ ತಟ್ಟೆ ಕೆಳಗಿಟ್ಟು ಹೇಳಿದ ಮಾತು ಮಾತ್ರ ತಲೆಯಲ್ಲಿ ಕೂತಿದೆ. ‘ವಹಿನಿ, ದ್ರಾಕ್ಷಿಗೆ ಕತ್ತರಿ ಹಾಕುವುದು ಅಕ್ಟೋಬರಿನಲ್ಲಿ. ಕತ್ತರಿ ಬಿದ್ದ ಮೇಲೆ ಬಳ್ಳಿಗೆ ನೀರು ಬೇಕೇ ಬೇಕು. ನಿಮ್ಮ ಸರ್ಕಾರಿ ಲೆಕ್ಕ ಮುಗಿಯುವುದೂ ಅಕ್ಟೋಬರ್ ಹದಿನೈದಕ್ಕೆ. ಕೊಡಬೇಡಿ ಎಂದು ನಮ್ಮಣ್ಣ ಹೇಳುವುದಿಲ್ಲ. ಎಷ್ಟು ಕೊಡುತ್ತೀರಿ ಎಂಬುದನ್ನು ಆಗಸ್ಟಿನಲ್ಲೇ ಹೇಳಿ ಅನ್ನುತ್ತಾನೆ. ಎಷ್ಟು ಬಳ್ಳಿ ಬದುಕಿಸಬಹುದು ಅಂತ ಅವನು ಕೂತು ಲೆಕ್ಕ ಹಾಕಬೇಡವೇ?’

ರಾತ್ರಿ ಮಗಳಿಗೆ ಹೇಳಿದೆ. ಅವಳು ಆ ಹೊತ್ತಿಗೆ ಸಂಪಿನ ಮುಚ್ಚಳ ತೆರೆದು ಮೋಟಾರು ಹಾಕಿಕೊಂಡಿದ್ದಳು, ಸದ್ದು ಕೇಳುತ್ತಿತ್ತು. ‘ಅವರು ಹೇಳೋದೂ ಸರಿಯಾಗೇ ಇದೆ ಅಮ್ಮ. ಆಗಸ್ಟಿನಲ್ಲಿ ಗೊತ್ತಾದರೆ ನಾವೂ ಟ್ಯಾಂಕರಿನವನ ಹತ್ತಿರ ಚೌಕಾಸಿ ಮಾಡಬಹುದು’ ಎಂದಳು. ಒಂದು ಕ್ಷಣ ಬಿಟ್ಟು, ‘ಫೆಬ್ರುವರಿಯಲ್ಲಿ ಬರುವಾಗ ಅವರ ತೋಟದ ದ್ರಾಕ್ಷಿ ಒಂದು ಪೆಟ್ಟಿಗೆ ತಾ. ದುಡ್ಡು ಕೊಟ್ಟೇ ತಾ, ಪುಕ್ಕಟೆ ಬೇಡ. ನಮ್ಮತ್ತೆಗೆ ರುಚಿ ನೋಡಿಸುತ್ತೇನೆ, ನಮ್ಮ ಪಾಲಿನ ನೀರು ಎಲ್ಲಿ ಹೋಗಿದೆ ಅಂತ ಅವರಿಗೂ ತಿಳಿಯಲಿ’ ಎಂದು ನಕ್ಕಳು.