ಸಹಿ ಬದಲಾದರೆ ಮನುಷ್ಯ ಬದಲಾದನೇ?

ಬ್ಯಾಂಕ್ ಗುಮಾಸ್ತನಿಗೆ ಸಹಿಯೆಂದರೆ ಮನುಷ್ಯನೇ. ಎದುರು ನಿಂತವರು ಎಷ್ಟೇ ಪರಿಚಿತರಾಗಲಿ, ಚೆಕ್ಕಿನ ಸಹಿ ಮಾದರಿ ಸಹಿಗೆ ಹೊಂದಬೇಕು. ಕನ್ನಡದಲ್ಲೋ ಮಲಯಾಳದಲ್ಲೋ ಹಾಕಿದ ನಾಲ್ಕು ಗೀರುಗಳಲ್ಲಿ ನಮಗೆ ಇಷ್ಟು ನಂಬಿಕೆ ಏಕೆ? ಕೈಯ ಅಭ್ಯಾಸ ಸುಲಭವಾಗಿ ಬದಲಾಗದು ಎಂಬ ಎಣಿಕೆಯಿಂದ. ಆದರೆ ಆ ಅಭ್ಯಾಸವನ್ನೇ ಕಸಿಯುವ ರೋಗವೊಂದಿದೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯ ಲಕ್ಷಣಗಳನ್ನು ವಿವರಿಸಿ, ನಡುಕದ ಈ ಕಾಯಿಲೆಯ ಕುರಿತು ಪ್ರಬಂಧ ಬರೆದರು. ಮುಂದೆ ರೋಗಕ್ಕೆ ಅವರ ಹೆಸರೇ ಬಂತು. ನಡುಮಿದುಳಿನಲ್ಲಿ ಕಪ್ಪು ಛಾಯೆಯ ಸಣ್ಣದೊಂದು ಭಾಗವಿದೆ. ಅಲ್ಲಿಯ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಒದಗಿಸುತ್ತವೆ. ಅವು ನಶಿಸುತ್ತ ಬಂದಂತೆ ನಡೆ ನಿಧಾನವಾಗುತ್ತದೆ, ಹಲವರ ಕೈ ನಡುಗುತ್ತದೆ, ಮುಖದ ಭಾವ ಮರೆಯಾಗುತ್ತದೆ, ಅಕ್ಷರ ಸಣ್ಣದಾಗುತ್ತದೆ.

ಮಿದುಳಿನ ಭಾಗಗಳ ನಡುವಣ ಸಂಪರ್ಕವೂ ಬದಲಾಗುವುದನ್ನು ಎಂ.ಆರ್.ಐ. ಅಧ್ಯಯನಗಳು ತೋರಿಸಿವೆ. ಅಭ್ಯಾಸಬಲದ ಚಲನೆಗಳಿಗೆ ಮುಖ್ಯವಾದದ್ದು ಪುಟಮೆನ್ ಎಂಬ ಭಾಗದ ಹಿಂಬದಿ. ಡೋಪಮಿನ್ ಹೆಚ್ಚಾಗಿ ಬತ್ತುವುದು ಅಲ್ಲಿಯೇ. ಚಲನೆಯ ಪ್ರದೇಶಗಳೊಡನೆ ಅದರ ನಂಟು ಸಡಿಲಾದಾಗ, ಅಷ್ಟು ಹಾನಿಯಾಗದ ಮುಂಬದಿಯ ನಂಟು ಬಲಗೊಂಡದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಚಂದ್ರಗಿರಿ ಸೇತುವೆ ಮುಚ್ಚಿದರೆ ಕಾಞಂಗಾಡಿನ ಬಸ್ಸು ಚೆರ್ಕಳ ಸುತ್ತಿ ಹೋಗುವಂತೆ ಎನ್ನೋಣ. ಊರು ತಲುಪಬಹುದು, ಆದರೆ ಹೊತ್ತು ಹಿಡಿಯುತ್ತದೆ. ಹಿಂದೆ ಯೋಚಿಸದೆ ಮಾಡುತ್ತಿದ್ದುದನ್ನು ರೋಗಿ ಈಗ ಗಮನವಿಟ್ಟು ಮಾಡಬೇಕು. ನೆಲದ ಮೇಲೆ ಗೆರೆ ಎಳೆದರೆ ಎಷ್ಟೋ ಮಂದಿಯ ಹೆಜ್ಜೆ ಸರಾಗವಾಗುತ್ತದೆ. ಗೆರೆ ಹಾಕಿದ ಕಾಗದದಲ್ಲಿ ಅಕ್ಷರ ದೊಡ್ಡದಾಗುತ್ತದೆ.

ಹಾಗಾದರೆ ಯಾವ ಸಹಿ ಹೆಚ್ಚು ನಿಜವಾದುದು? ಹಳೆಯದು ಅಭ್ಯಾಸದ ಕೆಲಸ, ಹೊಸದು ಸಂಕಲ್ಪದ ಕೆಲಸ. ಅನ್ಯಮನಸ್ಕನಾಗಿ ಗೀಚಿದ್ದನ್ನು ನಾವು ಅಸಲಿಯೆನ್ನುತ್ತೇವೆ. ಮನಸ್ಸೆಲ್ಲ ಸುರಿದು ಬರೆದುದನ್ನು ಸಂಶಯಿಸುತ್ತೇವೆ.

ಸಂಕಲ್ಪವೂ ಮಿದುಳಿನ ನಂಟುಗಳದ್ದೇ ಕೆಲಸವಲ್ಲವೇ ಎಂದು ಕೇಳಬಹುದು. ನಿಜ. ಈ ರೋಗ ಕೆಲವರ ನೆನಪನ್ನೂ ವಿವೇಚನೆಯನ್ನೂ ಮುಟ್ಟುತ್ತದೆ. ಇದಕ್ಕೆ ಕೊಡುವ ಕೆಲವು ಮದ್ದುಗಳಿಂದ ಜೂಜಿನ ಚಟ ಹತ್ತಿದವರೂ ಉಂಟು. ಆದುದರಿಂದ ಪರೀಕ್ಷಿಸುವುದೇ ಬೇಡವೆಂದು ನಾನು ಹೇಳಲಾರೆ. ಠೇವಣಿದಾರನ ಹಣ ಕಾಯುವುದೂ ಧರ್ಮವೇ. ಆದರೆ ಕೈ ಸೋತವನ ಬುದ್ಧಿಯೂ ಸೋತಿತೆಂದು ತೀರ್ಮಾನಿಸುವುದು ಪರೀಕ್ಷೆಯಲ್ಲ. "ಅಪ್ಪನಿಂದ ಇನ್ನಾಗದು, ಖಾತೆ ನನ್ನ ಹೆಸರಿಗೆ ಮಾಡಿಕೊಡಿ" ಎನ್ನುವ ಮಕ್ಕಳು ಅಪ್ಪನನ್ನು ಒಮ್ಮೆ ಕೇಳಿರಬೇಕು. ನಿಶ್ಚಲವಾದ ಮುಖವನ್ನು ಗರ್ವವೆಂದೋ ಮೌಢ್ಯವೆಂದೋ ತಿಳಿದರೆ ಆ ಮುಖದ ಹಿಂದಿರುವವರು ಹೇಳಬೇಕಾದುದು ಒಳಗೇ ಉಳಿಯುತ್ತದೆ.

ಸಹಿ ಹಾಕಲಾಗದವರಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶವೇ ದಾರಿ ತೋರಿಸಿದೆ. ಹೆಬ್ಬೆರಳ ಗುರುತು ಸಾಕು. ಅದನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಎಂದರೆ, ಕೈ ಸೋತಲ್ಲಿ ನೆರವಾಗುವುದು "ಇವರು ಅವರೇ" ಎನ್ನುವ ಇನ್ನೊಬ್ಬರ ಮಾತು. ಮನುಷ್ಯನ ಗುರುತಿನ ಒಂದು ಪಾಲು ಅವನನ್ನು ಬಲ್ಲವರ ಬಳಿ ಇರುತ್ತದೆಂದು ಕಾನೂನೂ ಒಪ್ಪಿದಂತಾಯಿತು.

ಮನೆಯ ಹಿರಿಯರ ಅಕ್ಷರ ಸಣ್ಣದಾಗತೊಡಗಿದರೆ ವೈದ್ಯರಿಗೆ ತೋರಿಸೋಣ. ಪೆನ್ನನ್ನು ಅವರ ಕೈಯಿಂದ ತೆಗೆದುಕೊಳ್ಳುವ ಮೊದಲು ಗೆರೆಯ ಕಾಗದ ಕೊಟ್ಟು, ಬರೆದು ಮುಗಿಸುವ ತನಕ ಕಾಯೋಣ.