ಬಾಗಬೇಕಾದದ್ದು ಯಾವುದು?

ಹಳೆಯದನ್ನೂ ಹೊಸದನ್ನೂ ಒಂದೆಡೆ ಕೂಡಿಸುವಾಗ ಬಾಗಬೇಕಾದದ್ದು ಯಾವುದು? ಅತ್ತೆ ಸೊಸೆಯರ ವಿಷಯದಲ್ಲಿ ನಾವೆಲ್ಲ ಈ ಪ್ರಶ್ನೆ ಕೇಳಿದ್ದೇವೆ, ಉತ್ತರ ಸಿಗದೆ ಸುಮ್ಮನಾಗಿದ್ದೇವೆ. ಹಿತ್ತಾಳೆ ಕೊಳವೆಯ ಹಳೆಯ ಲೆನ್ಸೊಂದರ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಕೇಳಿ ನೋಡೋಣ.

1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ಗುಡಿಗಳ ಮುಂದೆ ದೊಡ್ಡ ಕ್ಯಾಮೆರಾ ಹೂಡಿದ. ಆ ಚಿತ್ರಗಳು 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದವು. ಆ ಕಾಲದ ಲೆನ್ಸುಗಳಿಗೆ ಷಟರ್ ಇರಲಿಲ್ಲ. ಕಾಗದದ ನೆಗೆಟಿವಿಗೆ ಬೆಳಕು ಹತ್ತಲು ನಿಮಿಷಗಳೇ ಬೇಕಾಗಿದ್ದುದರಿಂದ, ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಿದರೆ ಸಾಕಿತ್ತು. ಹೊಯ್ಸಳರ ಶಿಲಾಬಾಲಿಕೆ ಎಲ್ಲಿಗೂ ಓಡುವವಳಲ್ಲವಷ್ಟೆ!

ಮುಂದೆ ಫಿಲಂ ಚುರುಕಾಯಿತು. ಸೆಕೆಂಡಿನ ನೂರರಲ್ಲೊಂದು ಭಾಗವನ್ನು ಕೈಯಿಂದ ಅಳೆಯುವುದು ಸಾಧ್ಯವೇ? 1912ರಲ್ಲಿ ಮ್ಯೂನಿಕ್ಕಿನ ಡೆಕೆಲ್ ಕಾರ್ಖಾನೆಯ ಕಾಂಪುರ್ ಷಟರ್ ಬಂತು. ಆಮೇಲೆ ಜಪಾನಿನ ಕೋಪಾಲ್ ಬಂತು. ಇಂದು ಷಟರಿಲ್ಲದ ಹಳೆಯ ಲೆನ್ಸಿನಿಂದ ಚಿತ್ರ ತೆಗೆಯಬಯಸುವವರು ಇವುಗಳಲ್ಲೊಂದನ್ನು ಅದಕ್ಕೆ ಹೊಂದಿಸಬೇಕಾಗುತ್ತದೆ.

ಹೊಂದಿಸಲು ಎರಡು ದಾರಿಗಳುಂಟು. ಒಂದು, ಲೆನ್ಸನ್ನು ಮುಟ್ಟದೆ ಅದರ ಮುಂದೆ ಒಂದು ಬಳೆಯ ಮೂಲಕ ಷಟರನ್ನು ಕೂರಿಸುವುದು. ಇದರಲ್ಲಿ ನಷ್ಟವಿದೆ. 300 ಮಿ.ಮೀ. ನಾಭಿದೂರದ, ಎಫ್ 4.5ರ ಲೆನ್ಸಿಗೆ ಸುಮಾರು 67 ಮಿ.ಮೀ. ಅಗಲದ ಬೆಳಕು ಬೇಕು. ಕೋಪಾಲ್ 3ನೇ ನಂಬರಿನ ಷಟರಿನ ಬಾಯಿ 45 ಮಿ.ಮೀ. ಮಾತ್ರ. 300ನ್ನು 45ರಿಂದ ಭಾಗಿಸಿದರೆ 6.7. ಅಂದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಯಿತು. ಚಿತ್ರದ ಮೂಲೆಗಳೂ ಕಪ್ಪಾಗಬಹುದು.

ಇನ್ನೊಂದು, ಹಿತ್ತಾಳೆ ಕೊಳವೆಯನ್ನೇ ಕೊಯ್ದು, ಮುಂದಿನ ಹಿಂದಿನ ಗಾಜುಗಳ ನಡುವೆ ಷಟರನ್ನು ಸೇರಿಸುವುದು. ಗಾಜುಗಳ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಡಬಹುದು. ಅಳತೆ ಸರಿಹೋದರೆ ಮಾತ್ರ ಹುಟ್ಟಿನಿಂದ ಜೊತೆಗಿದ್ದಂತೆ ಕೂಡಿಕೊಳ್ಳುತ್ತವೆ. ಆದರೆ ಕೊಯ್ದ ಕೊಳವೆ ಮತ್ತೆ ಬಾರದು.

‘ನಮ್ಮ ದುಡ್ಡು, ನಮ್ಮ ಲೆನ್ಸು, ಕೊಯ್ದರೇನು?’ ಎನ್ನಬಹುದು. ಕಾನೂನು ತಡೆಯದು, ನಿಜ. ಆದರೆ ನೂರು ವರ್ಷ ಬಾಳಿದ ವಸ್ತು ನಮಗಿಂತ ಮೊದಲು ಹಲವರ ಕೈ ಕಂಡಿರುತ್ತದೆ, ನಮ್ಮ ತರುವಾಯವೂ ಕಾಣಬೇಕಾಗಿದೆ. ನಡುವೆ ಕೆಲಕಾಲ ಇಟ್ಟುಕೊಂಡವರು ನಾವು. ಹಾಗೆಂದು ಬೀರುವಿನಲ್ಲಿಟ್ಟು ಪೂಜೆ ಮಾಡುವುದೂ ಗೌರವವಲ್ಲ. ನೋಡುವುದಕ್ಕೆಂದು ಹುಟ್ಟಿದ ಗಾಜನ್ನು ಕತ್ತಲಲ್ಲಿಟ್ಟಂತಾಗುತ್ತದೆ ಅಷ್ಟೆ.

ಹೊಸದಾದ ಷಟರೇ ಬಾಗಲಿ ಎನ್ನೋಣವೆಂದರೆ, ಕೋಪಾಲ್ ಷಟರುಗಳ ತಯಾರಿಕೆಯೂ ಈಗ ನಿಂತಿದೆ. ಉಳಿದದ್ದು ಆ ಬಳೆ. ಅಂಬತ್ತೂರಿನ ಲೇತಿನಲ್ಲಿ ಬೇಕಾದ ಅಳತೆಗೆ ಕಡೆಸಬಹುದು. ಸರಿಬಾರದಿದ್ದರೆ ಎಸೆದು ಇನ್ನೊಂದನ್ನು ಕಡೆಸಬಹುದು. ಲೆನ್ಸು ತನ್ನ ಬೆಳಕಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟಿತು, ನಿಜ. ಆದರೆ ಬಳೆಯನ್ನು ಬಿಚ್ಚಿದ ದಿನ ಅದು ಪೂರ್ತಿ ಹಿಂದಿರುಗುತ್ತದೆ. ಆದ್ದರಿಂದ ಹಳೆಯದು ಬಾಗಬೇಕೋ ಹೊಸದು ಬಾಗಬೇಕೋ ಎಂಬ ಪ್ರಶ್ನೆಯೇ ಸರಿಯಲ್ಲವೆಂದು ನಮಗೆ ತೋರುತ್ತದೆ. ಮತ್ತೆ ಮಾಡಿಕೊಳ್ಳಲು ಬರುವಂಥದ್ದು ಬಾಗಲಿ, ಬಾರದಂಥದ್ದನ್ನು ಕೊಯ್ಯದಿರೋಣ.

ಮದರಾಸಿನಲ್ಲಿ ನೆಲೆಸಿದ ನಮಗೆ ಇದು ಲೆನ್ಸಿನ ಮಾತು ಮಾತ್ರವಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಛೇರಿಯಲ್ಲಿ ನಾವು ತಮಿಳಿಗೆ ಸಂತೋಷದಿಂದ ಬಾಗುತ್ತೇವೆ. ಮನೆಯೊಳಕ್ಕೆ ಬಂದು ಬಳೆ ಬಿಚ್ಚಿದರೆ ಕನ್ನಡ ಇಡಿಯಾಗಿಯೇ ಇರುತ್ತದೆ. ಮಕ್ಕಳೊಡನೆ ಮನೆಮಾತನ್ನೇ ಬಿಟ್ಟರೆ ಅದು ಕೊಳವೆಯನ್ನು ಕೊಯ್ದಂತೆ. ಊರು ಬಿಟ್ಟು ನಮ್ಮ ಫ್ಲ್ಯಾಟಿಗೆ ಬಂದ ವೃದ್ಧ ತಾಯಿಯ ವಿಷಯವೂ ಅಷ್ಟೆ. ಊಟದ ಹೊತ್ತು, ಕೋಣೆಯ ಏರ್ಪಾಟು, ಟಿ.ವಿ.ಯ ಸದ್ದು, ಇವೆಲ್ಲ ಲೇತಿನಲ್ಲಿ ಕಡೆಯಬಹುದಾದ ಬಳೆಗಳು. ಎಪ್ಪತ್ತು ವರ್ಷದ ಜೀವವನ್ನು ಕಡೆಯಲಾಗದು. ಹೊಂದಿಕೊಳ್ಳಿ ಎಂದು ಯಾರಿಗಾದರೂ ಹೇಳುವ ಮೊದಲು, ಅವರು ಕಳೆದುಕೊಳ್ಳುವುದು ನಾಳೆ ಅವರಿಗೆ ಮರಳಿ ಸಿಗುವಂಥದ್ದೇ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಡವೇ?