ಹೊರಗಿಟ್ಟ ಹುಡುಗ ಎಲ್ಲಿಗೆ ಹೋಗುತ್ತಾನೆ?

 
*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕೆಲವು ವರ್ಷಗಳ ಹಿಂದೆ ನನ್ನ 9ನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಮ್ಮ ಜನರ ಹುಡುಗನೇ. ಅಪ್ಪ ಇರಲಿಲ್ಲ. ತಾಯಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ದಸರಾ ರಜೆ ಮುಗಿಸಿ ಬಂದವನು ಬೇರೆಯೇ ಆಗಿದ್ದ. ವಾರಕ್ಕೆ ಎರಡು ದಿನ ಗೈರು. ಕೈಯಲ್ಲಿ ಹೊಸ ಮೊಬೈಲು. ಹುಡುಗರ ಬಾಯಲ್ಲಿ ಅವನಿಗೆ ಹೊಸದೊಂದು ಅಡ್ಡಹೆಸರು. ಸಂಜೆಯಾದರೆ ತನಗಿಂತ ಐದಾರು ವರ್ಷ ದೊಡ್ಡವರ ಬೈಕುಗಳ ಹಿಂದೆ ಕೂತಿರುತ್ತಿದ್ದ. ಒಂದು ದಿನ ಯಾರೋ ಲಾಂಗಿನಲ್ಲಿ ಕೇಕ್ ಕತ್ತರಿಸುವ ರೀಲ್ಸ್ ಮಕ್ಕಳ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಅದರಲ್ಲಿ ಇವನೂ ನಿಂತಿದ್ದ. ಆ ವಾರವೇ ಸಹಪಾಠಿಯೊಬ್ಬನನ್ನು ಮೂಗಲ್ಲಿ ರಕ್ತ ಬರುವಂತೆ ಹೊಡೆದ.

‘ಒಬ್ಬನಿಂದ ನಲವತ್ತು ಮಕ್ಕಳು ಕೆಡುವುದು ಬೇಡ’ ಎಂದು ಸಭೆಯಲ್ಲಿ ಮೊದಲು ಹೇಳಿದವನು ನಾನೇ. 8ನೇ ತರಗತಿಯಲ್ಲಿದ್ದಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಅವನನ್ನು ಹೊರಹಾಕಲು ಬಿಡುತ್ತಿರಲಿಲ್ಲ. ಅವನು 9ರಲ್ಲಿದ್ದ. ಟಿ.ಸಿ. ಕೊಟ್ಟು ಕಳಿಸಿದೆವು. ಅವನ ತಾಯಿ ಕೇಳಿದ್ದು ಒಂದೇ ಮಾತು: ‘ನೀವಾದ್ರೂ ಮೊದ್ಲೇ ನಂಗ ಒಂದ್ ಮಾತು ಯೋಳಬಾರ್ದಿತ್ತಾ ಮೇಷ್ಟ್ರೆ?’

ಹೇಳಬಹುದಿತ್ತು. ಎರಡು ತಿಂಗಳಿಂದ ನಾನು ಎಲ್ಲವನ್ನೂ ನೋಡುತ್ತಲೇ ಇದ್ದೆ. ನೋಡಿದ್ದನ್ನು ಅವನ ಮೇಲಿನ ದೂರಿಗೆ ಬಳಸಿದೆ, ಅವನೊಡನೆ ಮಾತಾಡಲು ಬಳಸಲಿಲ್ಲ.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಸಿಗಾಲನೆಂಬ ಯುವಕನಿಗೆ ಆರು ದಿಕ್ಕುಗಳ ನಿಜವಾದ ಅರ್ಥ ತಿಳಿಸುತ್ತಾರೆ. ಪೂರ್ವ ಎಂದರೆ ತಂದೆತಾಯಿ, ದಕ್ಷಿಣ ಎಂದರೆ ಗುರು, ಉತ್ತರ ಎಂದರೆ ಸ್ನೇಹಿತರು. ಸ್ನೇಹಿತನ ವೇಷದ ಶತ್ರುಗಳು ನಾಲ್ಕು ಬಗೆ: ಬರೀ ಕಿತ್ತುಕೊಳ್ಳುವವನು, ಬರೀ ಮಾತಿನವನು, ಹೊಗಳಿ ಉಬ್ಬಿಸುವವನು, ಹಾಳಾಗುವ ದಾರಿಗೆ ಜೊತೆಯಾಗುವವನು. ನಮ್ಮ ಊರುಗಳ ‘ಬಾಸ್’ಗಳಲ್ಲಿ ಈ ನಾಲ್ವರೂ ಇದ್ದಾರೆ. ಮೊದಲು ಬಿರಿಯಾನಿ, ಪೆಟ್ರೋಲು, ‘ನನ್ನ ತಮ್ಮ ಕಣೋ’ ಎಂಬ ಮಾತು. ಆಮೇಲೊಂದು ದಿನ ‘ಇದನ್ನ ನಿನ್ನ ಹತ್ರ ಇಟ್ಕೊಂಡಿರು.’

ಅದೇ ಸುತ್ತದಲ್ಲಿ ಗುರುವಿನ ಐದು ಕರ್ತವ್ಯಗಳೂ ಇವೆ. ಅದರಲ್ಲೊಂದು, ಶಿಷ್ಯನನ್ನು ಎಲ್ಲ ದಿಕ್ಕುಗಳಲ್ಲೂ ಕಾಪಾಡುವುದು. ಅವನ ಪೂರ್ವದ ತಾಯಿ ಶಿಫ್ಟಿನಲ್ಲಿದ್ದಳು, ಉತ್ತರದಲ್ಲಿ ಬಾಸ್ ನಿಂತಿದ್ದ. ಉಳಿದದ್ದು ದಕ್ಷಿಣ ಒಂದೇ. ಆ ಬಾಗಿಲು ಮುಚ್ಚಿದವನು ನಾನು.

ಹೊಡೆತ ತಿಂದ ಹುಡುಗನೂ ಒಬ್ಬ ತಾಯಿಯ ಮಗನೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಅವನನ್ನು ಕಾಪಾಡಲೇಬೇಕು. ತಪ್ಪನ್ನು ತಡೆಯಬೇಕು, ಶಿಕ್ಷೆಯೂ ಇರಲಿ. ಆದರೆ ತಪ್ಪನ್ನು ತಡೆಯುವುದು ಬೇರೆ, ಮನುಷ್ಯನನ್ನೇ ಹೊರಗಿಡುವುದು ಬೇರೆ. ಊರಾಚೆ ಇಡಿಸಿಕೊಂಡು ಬದುಕಿದ ನಮಗಿಂತ ಇದು ಇನ್ಯಾರಿಗೆ ಗೊತ್ತು? ನಮ್ಮನ್ನು ಹುಟ್ಟಿಗಾಗಿ ಹೊರಗಿಟ್ಟರು, ಅವನನ್ನು ನಾನು ಕೃತ್ಯಕ್ಕಾಗಿ ಹೊರಗಿಟ್ಟೆ. ಎರಡೂ ಒಂದೇ ಎನ್ನುವುದಿಲ್ಲ. ಆದರೆ ಹೊರಗಿಟ್ಟವನು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಅರ್ಧ ದಿನ ಬಾಸ್ ಜೊತೆ ಇದ್ದವನನ್ನು ನಾವು ಪೂರ್ತಿ ದಿನಕ್ಕೆ ಒಪ್ಪಿಸಿದೆವು.

2023ರ ಜುಲೈನಲ್ಲಿ ತಿ. ನರಸೀಪುರದಲ್ಲಿ ಜಗಳವೊಂದು ಯುವಕನ ಕೊಲೆಯಲ್ಲಿ ಮುಗಿದದ್ದು ನಮಗೆಲ್ಲ ನೆನಪಿದೆ. ಹೊತ್ತು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹುಡುಕಬೇಕಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪ ಬಂದರೆ, ಮಂಡಳಿ ಪರಿಶೀಲಿಸಿ ಅವನನ್ನು ದೊಡ್ಡವರಂತೆಯೇ ವಿಚಾರಣೆಗೆ ಒಪ್ಪಿಸಬಹುದು. ಕಟಕಟೆಯಲ್ಲಿ ನಿಂತಾಗ ‘ತಮ್ಮ’ ಎಂದವನು ಪಕ್ಕದಲ್ಲಿ ಇರುವುದಿಲ್ಲ.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಂಗುಲಿಮಾಲನಿಗೆ ಜಾಗ ಕೊಟ್ಟಿದ್ದಾರೆ. ಜನ ಬಿಟ್ಟುಬಿಟ್ಟ ದಾರಿಯಲ್ಲಿ ಬುದ್ಧರು ಒಬ್ಬರೇ ನಡೆದು ಹೋದರು. ಅವನು ಬದಲಾದದ್ದನ್ನು ಎಲ್ಲರೂ ಹೇಳುತ್ತೇವೆ. ಆಮೇಲೆ ನಡೆದದ್ದನ್ನು ಮರೆಯುತ್ತೇವೆ. ಪಾಲಿ ಸುತ್ತದ ಪ್ರಕಾರ, ಭಿಕ್ಕುವಾಗಿ ಭಿಕ್ಷೆಗೆ ಹೋದವನ ಮೇಲೆ ಶ್ರಾವಸ್ತಿಯಲ್ಲಿ ಕಲ್ಲು, ಕೋಲು ಬಿದ್ದವು. ತಲೆ ಒಡೆಯಿತು, ಭಿಕ್ಷಾಪಾತ್ರೆ ಮುರಿಯಿತು, ಚೀವರ ಹರಿಯಿತು. ರಕ್ತ ಸುರಿಸುತ್ತ ಅವನು ಮರಳಿದ್ದು ಬುದ್ಧರ ಬಳಿಗೆ. ಮರಳಲು ಅವನಿಗೊಂದು ಜಾಗವಿತ್ತು.

ಆ ಹುಡುಗನಿಗೆ ಈಗ ಹತ್ತೊಂಬತ್ತು. ಹಲ್ಲೆ ಕೇಸೊಂದರಲ್ಲಿ ಕೋರ್ಟಿಗೆ ಅಲೆಯುತ್ತಿದ್ದಾನೆ. ಕಳೆದ ಭಾನುವಾರ ವಂದನೆಯ ಹೊತ್ತಿಗೆ ವಿಹಾರದ ಬಾಗಿಲಲ್ಲಿ ಬಂದು ನಿಂತಿದ್ದ. ಒಳಗಿದ್ದವರಲ್ಲಿ ಒಂದಿಬ್ಬರು ತಮ್ಮ ಮೊಬೈಲು, ಬೈಕಿನ ಕೀ ಹತ್ತಿರಕ್ಕೆ ಎಳೆದುಕೊಂಡರು. ನಾನು ಎದ್ದು ಹೋಗಿ ‘ಬಾಪ್ಪ, ಒಳಗೆ ಬಾ’ ಎನ್ನಬೇಕಿತ್ತು. ಏಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವನು ಹೋಗಿದ್ದ. ಎರಡನೇ ಸಲವೂ ತಡ ಮಾಡಿದೆ.

ಈ ವಾರ ಅವನ ಮನೆಗೆ ಹೋಗುತ್ತೇನೆ. ನಿಮ್ಮಲ್ಲೂ ಒಂದು ವಿನಂತಿ. ಹುಡುಗನ ತಲೆಗೂದಲು, ಬಟ್ಟೆ, ಕೇರಿ ನೋಡಿ ಅಳೆಯಬೇಡಿ. ಆ ಕಣ್ಣಿನಿಂದ ನಮ್ಮನ್ನು ನೋಡುವವರು ಈಗಾಗಲೇ ಬಹಳ ಜನ ಇದ್ದಾರೆ. ಅವನು ಶಾಲೆ ತಪ್ಪಿಸುವುದು, ಎಲ್ಲಿಂದ ಬಂತೆಂದು ಹೇಳಲಾಗದ ಹಣ, ಹಳೆಯ ಗೆಳೆಯರನ್ನು ಬಿಟ್ಟದ್ದು, ಒಂದು ಬೀದಿಯಲ್ಲಿ ನಡೆಯಲು ಹೆದರುವುದು, ಇವನ್ನು ಗಮನಿಸಿ. ಕಂಡ ದಿನವೇ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ಮನೆಯವರಿಗೆ ಅವರ ಶಿಫ್ಟ್ ಮುಗಿದ ಮೇಲೆ ಹೋಗಿ ತಿಳಿಸಿ. ಕೈಮೀರುತ್ತಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮುಂದಿನ ಭಾನುವಾರ ಬಾಗಿಲ ಹತ್ತಿರ ನಾನು ಕೂರುತ್ತೇನೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏